ಇವಿಗೆ ಟ್ರೈಲರ್ ಕಟ್ಟಿಕೊಂಡು ಅಡಾಪ್ಟಿವ್ ಕ್ರೂಸ್ ಹಾಕ್ಬಹುದಾ?

ಪ್ರಶ್ನೆ: ನಮ್ಮದು ಎಲೆಕ್ಟ್ರಿಕ್ ಎಸ್‌ಯುವಿ, ಹೆಚ್ಚುಕಮ್ಮಿ 2200 ಕೆಜಿ, ಟೋ ರೇಟಿಂಗ್, ಅಂದ್ರೆ ಎಳೆಯೋ ಮಿತಿ, 1600 ಕೆಜಿ. ಅದಕ್ಕೆ 1400 ಕೆಜಿಯ ಕ್ಯಾರವಾನ್ (ಒಳಗೆ ಉಳಿಯೋಕೆ ಆಗೋ ಮನೆಯಂಥ ಟ್ರೈಲರ್) ಕಟ್ಟಿಕೊಂಡು ದೂರ ಹೋಗೋಕೆ ಶುರು ಮಾಡಿದೀವಿ. ಕ್ಯಾರವಾನ್‌ಗೆ ಓವರ್‌ರನ್ ಬ್ರೇಕ್ (ಅದು ಕಾರನ್ನ ನೂಕಿದಾಗ ತಾನೇ ಹಿಡಿಯೋ ಬ್ರೇಕ್) ಇದೆ, ಟ್ರೈಲರ್ ಸಿಕ್ಕಿಸೋ ಟೋ ಬಾರ್ ಮಾತ್ರ ಕಂಪನಿದಲ್ಲ, ಹೊರಗಡೆ ಹಾಕಿಸಿದ್ದು. ಖಾಲಿ ಕಾರಲ್ಲಿ ಹೈವೇಗೆ ಹತ್ತಿದ ತಕ್ಷಣ ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ವೇಗ, ಅಂತರ ತಾನೇ ಇಟ್ಕೊಳ್ಳೋ ಸಿಸ್ಟಮ್) ಹಾಕಿಬಿಡ್ತೀನಿ, ಯಾವತ್ತೂ ತೊಂದರೆ ಕೊಟ್ಟಿಲ್ಲ. ಕ್ಯಾರವಾನ್ ಇದ್ದಾಗ ಮಾತ್ರ ಮುಂದಿನ ಗಾಡಿ ಸ್ವಲ್ಪ ನಿಧಾನ ಆದ್ರೂ ಹಿಂದಿಂದ ಯಾರೋ ಟಕ್ ಅಂತ ಗುದ್ದಿದ ಹಾಗಾಗತ್ತೆ, ಮತ್ತೆ ವೇಗ ತಗೊಳೋವಾಗ ಹಿಂದಕ್ಕೆ ಜಗ್ಗಿದ ಹಾಗಾಗತ್ತೆ. ಒಂದು ಸಲ ಪಕ್ಕದ ಲೇನ್‌ನಿಂದ ಗಾಡಿ ನುಗ್ಗಿದಾಗ ಕಾರು ಜೋರಾಗಿ ಬ್ರೇಕ್ ಹಾಕ್ತು, ಕ್ಯಾರವಾನ್ ಎರಡು ಮೂರು ಸಲ ಬಾಲ ಅಲ್ಲಾಡಿಸ್ತು, ಹೆಂಡತಿ ಇನ್ಮೇಲೆ ಅದನ್ನ ಮುಟ್ಟಬೇಡಿ ಅಂದ್ಲು. ಸ್ನೇಹಿತನೂ ಅದನ್ನೇ ಹೇಳ್ತಾನೆ, ಶೋರೂಮ್‌ನವರು ಏನೂ ಆಗಲ್ಲ ಅಂತಾರೆ, ಮ್ಯಾನ್ಯುಯಲ್‌ನಲ್ಲಿ ಎಚ್ಚರಿಕೆಯಿಂದ ಬಳಸಿ ಅನ್ನೋ ಒಂದೇ ಸಾಲು. ರೀಜನ್ ಬ್ರೇಕಿಂಗ್ (ಮೋಟರೇ ಕಾರನ್ನ ನಿಧಾನ ಮಾಡ್ತಾ ಬ್ಯಾಟರಿ ತುಂಬೋದು) ಇರೋದ್ರಿಂದ ಟ್ರೈಲರ್ ಬ್ರೇಕ್ ಅಷ್ಟು ಮುಖ್ಯ ಅಲ್ಲ ಅಂತಾರಲ್ಲ ಅದು ನಿಜವಾ? ಕ್ರೂಸ್ ಹಾಕಿದ್ರೆ ರೇಂಜ್ ಉಳಿಯತ್ತಾ? ಇಳಿಜಾರಲ್ಲಿ ಏನು ಮಾಡ್ಲಿ? ಇನ್ನೊಂದು, ಕ್ಯಾರವಾನ್ ಇಲ್ಲದೆ ಬರೀ ಸೈಕಲ್ ರ್ಯಾಕ್ ಹಾಕಿದಾಗಲೂ ಕೆಲವು ಫೀಚರ್ ಆಫ್ ಆಗ್ತವೆ, ಯಾಕೆ?

ಉತ್ತರ: ನಿಮ್ಮ ಸ್ನೇಹಿತ ಹೇಳಿದ್ದೂ ಪೂರ್ತಿ ಸರಿ ಅಲ್ಲ, ಶೋರೂಮ್‌ನವರು ಹೇಳಿದ್ದಂತೂ ಅರ್ಧ ಮಾತು. ಟೋ ಬಾರ್ ವೈರಿಂಗ್, ಕೋಡಿಂಗ್, ರೇಡಾರ್ ಕ್ಯಾಲಿಬ್ರೇಷನ್ ಇವೇ ನನ್ನ ದಿನದ ಕೆಲಸ ಆಗಿರೋದ್ರಿಂದ ಇದೇ ದೂರು ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರತ್ತೆ. ನಿಮ್ಮ ಪ್ರಶ್ನೇಲಿ ಎರಡು ಬೇರೆ ಭಯ ಒಟ್ಟಿಗೆ ಸೇರಿಕೊಂಡಿವೆ. ಟಕ್ ಅನ್ನೋ ಗುದ್ದು ಒಂದು, ಅದು ಕಿರಿಕಿರಿ, ಸರಿ ಮಾಡ್ಬಹುದು. ಜೋರು ಬ್ರೇಕ್ ಬಿದ್ದಾಗ ಕ್ಯಾರವಾನ್ ಬಾಲ ಅಲ್ಲಾಡಿಸಿದ್ದು ಇನ್ನೊಂದು, ಅದನ್ನ ಕಿರಿಕಿರಿ ಅಂತ ಬಿಡೋ ಹಾಗಿಲ್ಲ.

ಮೊದಲು ಈ ಸಿಸ್ಟಮ್‌ಗೆ ಏನು ಕಾಣತ್ತೆ ಏನು ಕಾಣಲ್ಲ ಅನ್ನೋದು. ಮುಂದಿನ ಬಂಪರ್‌ನಲ್ಲಿರೋ ರೇಡಾರ್ 76-77 ಗಿಗಾಹರ್ಟ್ಸ್ ಅಲೆ ಬಿಟ್ಟು ಮುಂದಿನ ಗಾಡಿ ಎಷ್ಟು ದೂರ ಇದೆ, ನಮಗಿಂತ ಎಷ್ಟು ವೇಗವಾಗಿ ಅಥವಾ ನಿಧಾನವಾಗಿ ಹೋಗ್ತಿದೆ ಅಂತ ಅಳೆಯತ್ತೆ, ಗಾಜಿನ ಹಿಂದಿರೋ ಕ್ಯಾಮೆರಾ ಅದು ಕಾರಾ ಲಾರಿನಾ, ಯಾವ ಲೇನ್‌ನಲ್ಲಿದೆ ಅಂತ ಹೇಳತ್ತೆ, ಕೆಲವು ಕಂಪನಿಗಳು ರೇಡಾರ್ ತೆಗೆದು ಬರೀ ಕ್ಯಾಮೆರಾದಲ್ಲೇ ಮಾಡ್ತಿವೆ. ಯಾವುದೇ ಆಗ್ಲಿ ಕಣ್ಣಿರೋದು ಮುಂದಕ್ಕೆ. ಟ್ರೈಲರ್ ಕಟ್ಟಿದ್ರೆ ರೇಡಾರ್ ಕನ್‌ಫ್ಯೂಸ್ ಆಗತ್ತೆ ಅಂತ ಹೇಳ್ತಾರಲ್ಲ, ಅದು ಹಿಂದಿನ ಬಂಪರ್‌ನ ಬ್ಲೈಂಡ್ ಸ್ಪಾಟ್ ರೇಡಾರ್ ಮತ್ತು ಪಾರ್ಕಿಂಗ್ ಸೆನ್ಸರ್ ವಿಷಯ. ಮುಂದಿನ ರೇಡಾರ್‌ಗೆ ಹಿಂದೆ ಕ್ಯಾರವಾನ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ.

ಹಾಗಾದ್ರೆ ಹಿಂದೆ 1400 ಕೆಜಿ ಇದೆ ಅಂತ ಕಾರಿಗೆ ಹೇಳೋರು ಯಾರು? ಟೋ ಬಾರ್ ಪಕ್ಕದ 7 ಪಿನ್ ಅಥವಾ 13 ಪಿನ್ ಸಾಕೆಟ್. ಪ್ಲಗ್ ಸಿಕ್ಕಿಸಿದಾಗ ಟ್ರೈಲರ್ ಮಾಡ್ಯೂಲ್ ಲೈಟ್‌ಗಳ ಕರೆಂಟ್ ನೋಡಿ ಓ ಟ್ರೈಲರ್ ಬಂತು ಅಂತ ತಿಳ್ಕೊಂಡು ಆ ಸುದ್ದೀನ ಕಾರಿನ ನೆಟ್‌ವರ್ಕ್‌ಗೆ ಹಾಕತ್ತೆ, ಅದನ್ನ ಕೇಳಿಸ್ಕೊಂಡು ಸ್ಟೆಬಿಲಿಟಿ ಕಂಟ್ರೋಲ್ (ಗಾಡಿ ಹಿಡಿತ ತಪ್ಪದ ಹಾಗೆ ನೋಡ್ಕೊಳ್ಳೋದು) ಟ್ರೈಲರ್ ಲೆಕ್ಕಕ್ಕೆ ಬದಲಾಗತ್ತೆ, ಕ್ರೂಸ್ ಮುಂದಿನ ಗಾಡಿ ಜೊತೆಗಿನ ಗ್ಯಾಪ್ ಜಾಸ್ತಿ ಮಾಡ್ಕೊಳತ್ತೆ ಅಥವಾ ಆನ್ ಆಗೋಕೇ ಬಿಡಲ್ಲ, ಲೇನ್ ಫೀಚರ್‌ಗಳು ಆಫ್ ಆಗ್ತವೆ. ಟೆಸ್ಲಾದಲ್ಲಿ ಟ್ರೈಲರ್ ಮೋಡ್ ಅಂತಾನೇ ಇದೆ, ಅದು ಆನ್ ಆದ್ರೆ ಸ್ಟೀರಿಂಗ್ ತಾನೇ ತಿರುಗಿಸೋ ಆಟೋಸ್ಟಿಯರ್ ಸಿಗಲ್ಲ, ಕ್ರೂಸ್ ಸಿಗತ್ತೆ ಆದ್ರೆ ಮುಂದಿನ ಗಾಡಿಯಿಂದ ಜಾಸ್ತಿ ದೂರ ಇಟ್ಕೊಂಡು ಹೋಗತ್ತೆ. ಜನರಲ್ ಮೋಟರ್ಸ್ ತನ್ನ ಸೂಪರ್ ಕ್ರೂಸ್‌ನ (ಹೈವೇಲಿ ಸ್ಟೀರಿಂಗ್‌ನಿಂದ ಕೈ ಬಿಡೋಕೆ ಆಗೋ ಸಿಸ್ಟಮ್) ಟ್ರೈಲರ್ ಜೊತೆಗೂ ನಡೆಯೋ ಹಾಗೆ ಬೇರೆಯಾಗಿ ತಯಾರು ಮಾಡಿ 2022ರ ಮಾಡೆಲ್‌ಗಳಿಂದ ಕೊಡೋಕೆ ಶುರು ಮಾಡ್ತು. ಅಂದ್ರೆ ಟ್ರೈಲರ್ ಜೊತೆ ಇದು ಆಗದೇ ಇರೋ ಕೆಲಸ ಏನಲ್ಲ, ಕಾರಿಗೆ ವಿಷಯ ತಿಳಿದಿರಬೇಕು ಅಷ್ಟೇ.

ನೀವು ಟೋ ಬಾರ್ ಹೊರಗಡೆ ಹಾಕಿಸಿದ್ದು ಅಂದ್ರಲ್ಲ, ನನ್ನ ಕಣ್ಣು ನಿಂತಿದ್ದೇ ಆ ಸಾಲಲ್ಲಿ. ಹೊರಗಡೆ ಹಾಕೋ ಕಿಟ್‌ಗಳಲ್ಲಿ ಎರಡು ಜಾತಿ. ಒಂದು, ಆ ಮಾಡೆಲ್‌ಗೇ ಅಂತ ಮಾಡಿದ ವೈರಿಂಗ್, ಅದನ್ನ ಹಾಕಿ ಆಮೇಲೆ ಕಾರಿನ ಕಂಪ್ಯೂಟರ್‌ಗೆ ಕೋಡಿಂಗ್ ಮಾಡ್ತಾರೆ, ಅಂದ್ರೆ ಟೋ ಬಾರ್ ಇದೆ ಅಂತ ಅದಕ್ಕೆ ತಿಳಿಸ್ತಾರೆ. ಇನ್ನೊಂದು ಯೂನಿವರ್ಸಲ್ ಕಿಟ್, ಹಿಂದಿನ ಲೈಟ್ ವೈರ್‌ನಿಂದ ಸಿಗ್ನಲ್ ಕದ್ದು ಟ್ರೈಲರ್ ಲೈಟ್ ಉರಿಸತ್ತೆ ಅಷ್ಟೇ, ಕಾರಿನ ನೆಟ್‌ವರ್ಕ್‌ಗೆ ಏನೂ ಹೇಳಲ್ಲ. ಬ್ರೇಕ್ ಲೈಟ್ ಉರೀತು ಇಂಡಿಕೇಟರ್ ಬಂತು ಅಂತ ಗಿರಾಕಿ ಖುಷಿಯಾಗಿ ಹೋಗ್ತಾರೆ, ಕಾರು ಮಾತ್ರ ನಾನು ಒಬ್ಬಂಟಿ ಅಂದ್ಕೊಂಡೇ ಓಡ್ತಿರತ್ತೆ. ಎಲ್ಇಡಿ ಲೈಟ್ ಇರೋ ಟ್ರೈಲರ್‌ನಲ್ಲಿ ಇನ್ನೊಂದು ತಕರಾರು, ಎಲ್ಇಡಿ ಎಳೆಯೋ ಕರೆಂಟ್ ತೀರಾ ಕಮ್ಮಿ, ಕೆಲವು ಮಾಡ್ಯೂಲ್‌ಗಳಿಗೆ ಅಲ್ಲಿ ಏನೂ ಇಲ್ಲ ಅಂತಾನೇ ಕಾಣತ್ತೆ. ಆದ್ರಿಂದ ನಿಮ್ಮ ಮೊದಲ ಕೆಲಸ: ಪ್ಲಗ್ ಹಾಕಿ ಕಾರು ಆನ್ ಮಾಡಿ, ಡ್ಯಾಶ್‌ನಲ್ಲಿ ಟ್ರೈಲರ್ ಚಿಹ್ನೆ ಬರತ್ತಾ, ಪಾರ್ಕಿಂಗ್ ಸೆನ್ಸರ್ ಮತ್ತು ಬ್ಲೈಂಡ್ ಸ್ಪಾಟ್ ತಾನಾಗೇ ಆಫ್ ಆಗತ್ತಾ ಅಥವಾ ಟ್ರೈಲರ್‌ಗೆ ಹೊಂದಿಕೊಳ್ಳತ್ತಾ ನೋಡಿ. ರಿವರ್ಸ್ ಹಾಕಿದಾಗ ಹಿಂದಿನ ಸೆನ್ಸರ್ ಕ್ಯಾರವಾನ್ ನೋಡಿ ಕೂಗಾಡ್ತಿದ್ರೆ ಕಾರಿಗೆ ವಿಷಯ ತಿಳಿದೇ ಇಲ್ಲ ಅಂತ ಗಟ್ಟಿ ಅನುಮಾನ ಪಡ್ಬಹುದು. ಆಗ ಕ್ರೂಸ್ ಮಾತು ಆಮೇಲೆ, ಮೊದಲು ಕೋಡಿಂಗ್ ಮಾಡಿಸಿ, ಯಾಕಂದ್ರೆ ಟ್ರೈಲರ್ ತೂಗಾಡಿದಾಗ ಹಿಡಿದು ನಿಲ್ಲಿಸೋ ಸ್ಟೆಬಿಲಿಟಿ ಫೀಚರ್ ಕೂಡ ನಿಮ್ಮ ಕಾರಲ್ಲಿ ಮಲಗಿರೋ ಸಾಧ್ಯತೆ ಇದೆ.

ಈಗ ಆ ಟಕ್ ಸದ್ದಿಗೆ ಬರ್ತೀನಿ. ಹೆವಿ ಲೋಡ್ ಇದೆ ಅಂತ ಕ್ರೂಸ್‌ಗೆ ಗೊತ್ತಾಗದೆ ತಪ್ಪು ಬ್ರೇಕ್ ಹಾಕ್ತಿದೆ ಅಂತ ತುಂಬಾ ಜನ ಅಂದ್ಕೊಳ್ತಾರೆ, ಅದು ಹಾಗಲ್ಲ. ಕ್ರೂಸ್ ಕೇಳೋದು ಇಂತಿಷ್ಟು ವೇಗ ಇಳಿಬೇಕು ಅಂತ, ಇಳೀತಿಲ್ಲ ಅಂದ್ರೆ ಇನ್ನಷ್ಟು ರೀಜನ್ ಮಾಡತ್ತೆ, ಸಾಲದಿದ್ರೆ ಬ್ರೇಕ್ ಪ್ಯಾಡ್ ಒತ್ತತ್ತೆ, ಹಾಗಾಗಿ ಮೆಲ್ಲಗೆ ನಿಧಾನ ಮಾಡೋ ಕೆಲಸ ಕ್ಯಾರವಾನ್ ಇದ್ರೂ ಅದು ಸರಿಯಾಗೇ ಮಾಡತ್ತೆ. ಗುದ್ದು ಬರೋದು ಹಿಚ್‌ನಲ್ಲಿ, ಅಂದ್ರೆ ಕಾರು ಕ್ಯಾರವಾನ್ ಸೇರೋ ಕೊಂಡೀಲಿ. ಹೈವೇ ವೇಗದಲ್ಲಿ ಕ್ಯಾರವಾನ್‌ಗೆ ಗಾಳಿಯ ತಡೆ ಎಷ್ಟಿರತ್ತೆ ಅಂದ್ರೆ ನೀವು ಸ್ವಲ್ಪ ಕಾಲು ಸಡಿಲ ಬಿಟ್ರೂ ಅದು ಇನ್ನೂ ಕಾರನ್ನ ಹಿಂದಕ್ಕೇ ಎಳೀತಿರತ್ತೆ. ಇನ್ನೂ ಸ್ವಲ್ಪ ಜಾಸ್ತಿ ನಿಧಾನ ಮಾಡಿದ್ರೆ ಎಳೀತಿದ್ದದ್ದು ಮುಂದಕ್ಕೆ ನೂಕೋಕೆ ಶುರು ಮಾಡತ್ತೆ, ಇಳಿಜಾರಲ್ಲಿ ಭಾರದ ಗಾಡಿ ಎತ್ತಿನ ಹೆಗಲ ಮೇಲೆ ನುಗ್ಗಿ ಬರೋ ಹಾಗೆ. ಎಳೆತದಿಂದ ನೂಕಾಟಕ್ಕೆ ತಿರುಗೋ ಆ ಗೆರೇನ ದಾಟೋವಾಗ ಓವರ್‌ರನ್ ಹಿಚ್‌ನ ಒಳಗಿನ ರಾಡ್ ಹಿಂದಕ್ಕೆ ಜಾರತ್ತೆ, ಟೋ ಬಾರ್‌ನ ಬಾಲ್ ಮತ್ತು ಅದರ ಮೇಲೆ ಕೂರೋ ಕಪ್ ಮಧ್ಯದ ಸಂದು ಇನ್ನೊಂದು ಕಡೆಗೆ ಹೋಗತ್ತೆ, ಟಕ್. ಮತ್ತೆ ವೇಗ ತಗೊಂಡ್ರೆ ವಾಪಸ್ ಟಕ್.

ಮನುಷ್ಯ ಓಡಿಸೋವಾಗ ದೂರದಲ್ಲಿ ಬ್ರೇಕ್ ಲೈಟ್ ಕಂಡ್ರೆ ಮೊದಲೇ ಕಾಲೆತ್ತಿ ಒಂದೇ ಸಲ ಆ ಗೆರೆ ದಾಟ್ತಾನೆ. ಕ್ರೂಸ್ ಹಾಗಲ್ಲ, ಗ್ಯಾಪ್‌ನ ಪಕ್ಕಾ ಇಟ್ಕೋಬೇಕು ಅಂತ ಸಣ್ಣ ಸಣ್ಣದಾಗಿ ಮೋಟರ್ ಒಂದ್ಸಲ ಎಳೆಯೋದು ಒಂದ್ಸಲ ರೀಜನ್ ಮಾಡೋದು ಹೀಗೆ ಗೆರೆಯ ಆಕಡೆ ಈಕಡೆ ಆಡ್ತಾನೇ ಇರತ್ತೆ. ಪೆಟ್ರೋಲ್ ಗಾಡೀಲೂ ಇದು ಇದೆ, ಆದ್ರೆ ಎಲೆಕ್ಟ್ರಿಕ್ ಮೋಟರ್ ಕ್ಷಣದಲ್ಲಿ ದಿಕ್ಕು ಬದಲಾಯಿಸತ್ತೆ, ಅದಕ್ಕೇ ಇವಿಯಲ್ಲಿ ಗುದ್ದು ಚೂಪಾಗಿ ಗೊತ್ತಾಗತ್ತೆ. ಇದಕ್ಕೆ ಮದ್ದು ಗ್ಯಾಪ್ ಸೆಟ್ಟಿಂಗ್ ಅತೀ ದೊಡ್ಡದಕ್ಕೆ ಇಡೋದು, ಡ್ರೈವ್ ಮೋಡ್ ಇಕೋ ಅಥವಾ ನಿಮ್ಮ ಕಾರಲ್ಲಿ ಅತಿ ಸಾಧು ಯಾವುದೋ ಅದಕ್ಕೆ ಹಾಕೋದು, ಕೆಲವು ಕಾರುಗಳಲ್ಲಿ ಕ್ರೂಸ್ ಎಷ್ಟು ಚುರುಕಾಗಿ ವೇಗ ತಗೋಬೇಕು ಅನ್ನೋದೂ ಇದರಿಂದಾನೇ ಬದಲಾಗತ್ತೆ. ಸ್ಟೀರಿಂಗ್ ಪ್ಯಾಡಲ್‌ನಲ್ಲಿ ರೀಜನ್ ಲೆವೆಲ್ ಕಮ್ಮಿ ಮಾಡಿದ್ರೆ ಗುದ್ದು ಹೋಗತ್ತೆ ಅಂತ ನಂಬಿಕೊಂಡವರಿದಾರೆ, ತುಂಬಾ ಕಾರುಗಳಲ್ಲಿ ಕ್ರೂಸ್ ಆನ್ ಇದ್ದಾಗ ಆ ಲೆವೆಲ್‌ಗೆ ಬೆಲೆನೇ ಇಲ್ಲ, ತನಗೆ ಬೇಕಾದಷ್ಟು ರೀಜನ್ ಅದೇ ತಗೊಳತ್ತೆ. ಇಷ್ಟೆಲ್ಲಾ ಮಾಡಿದ್ಮೇಲೂ ಹಿಚ್ ಸುತ್ತಿಗೇಲಿ ಹೊಡೆದ ಹಾಗೆ ಬಡೀತಿದ್ರೆ ಕ್ರೂಸ್‌ನ ಬೈಬೇಡಿ, ಹಿಚ್‌ನೊಳಗೆ ಗುದ್ದು ತಡೆಯೋ ಓವರ್‌ರನ್ ಡ್ಯಾಂಪರ್ ಸತ್ತಿರಬಹುದು. ಕಾರಿಂದ ಕ್ಯಾರವಾನ್ ಬಿಚ್ಚಿ, ಅದರ ಹ್ಯಾಂಡ್‌ಬ್ರೇಕ್ ಎಳೆದು ಹಿಚ್‌ನ ಕೈಯಲ್ಲಿ ಒಳಕ್ಕೆ ತಳ್ಳಿ ನೋಡಿ. ಒಳ್ಳೆ ಡ್ಯಾಂಪರ್ ಆದ್ರೆ ಬಿಗಿಯಾಗಿ ತಡೀತಾ ಒಳಗೆ ಹೋಗಿ ಮೆಲ್ಲಗೆ ತಾನೇ ಹೊರಗೆ ಬರತ್ತೆ, ಸಡಿಲವಾಗಿ ಒಳಗೆ ಹೋಗಿ ಅಲ್ಲೇ ಕೂತ್ರೆ ಬದಲಾಯಿಸಬೇಕು.

ರೀಜನ್ ಇದ್ದರೆ ಟ್ರೈಲರ್ ಬ್ರೇಕ್ ಬೇಡ ಅನ್ನೋ ಮಾತು. ಇದು ಅಪಾಯದ ಮಾತು, ನೇರವಾಗೇ ಹೇಳ್ತೀನಿ. ರೀಜನ್ ಹಿಡಿಯೋದು ಕಾರಿನ ಚಕ್ರನ ಮಾತ್ರ, ಅದರಲ್ಲೂ ಮೋಟರ್ ಇರೋ ಆಕ್ಸಲ್‌ನ ಮಾತ್ರ. ಕ್ಯಾರವಾನ್ ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಓವರ್‌ರನ್ ಬ್ರೇಕ್ ಕೆಲಸ ಮಾಡೋಕೆ ಕ್ಯಾರವಾನ್ ಕಾರನ್ನ ನೂಕಬೇಕು, ಅದೂ ಟ್ರೈಲರ್ ತೂಕದ ಶೇ. 2ರಿಂದ 4ರಷ್ಟು ಬಲ ಬಿದ್ದ ಮೇಲೇ ಅದು ಎಚ್ಚರ ಆಗೋ ಹಾಗೆ ಮಾಡಿರ್ತಾರೆ, ಇಲ್ಲಾಂದ್ರೆ ಸುಮ್ಮಸುಮ್ಮನೆ ಹಿಡೀತಿರತ್ತಲ್ಲ. ಮೆಲ್ಲಗಿನ ರೀಜನ್‌ನಲ್ಲಿ ಆ ಮಟ್ಟ ಮುಟ್ಟೋದೇ ಇಲ್ಲ, ಪೂರ್ತಿ ಭಾರ ಕಾರಿನ ಮೇಲೆ. ಒಣ ನೇರ ರಸ್ತೇಲಿ ಇದರಿಂದ ಏನೂ ಆಗಲ್ಲ. ಮಳೆ ಬಿದ್ದು ಜಾರೋ ತಿರುವಿನಲ್ಲಿ ಹಿಂದಿನ ಮೋಟರ್ ಇರೋ ಕಾರು ಜೋರಾಗಿ ರೀಜನ್ ಮಾಡ್ತಿದ್ದು ಹಿಂದಿಂದ ಕ್ಯಾರವಾನ್ ನೂಕಿದ್ರೆ, ಹಿಂದಿನ ಟೈರ್ ಹಿಡಿತ ತಪ್ಪಿ ಇಡೀ ಜೋಡಿ ಮಧ್ಯದಲ್ಲಿ ಮಡಚಿಕೊಳ್ಳೋಕೆ ಅದೇ ದಾರಿ. ಸ್ಟೆಬಿಲಿಟಿ ಕಂಟ್ರೋಲ್ ರೀಜನ್ ಕಡಿಮೆ ಮಾಡಿ ತಪ್ಪಿಸೋಕೆ ನೋಡತ್ತೆ, ಟೈರ್‌ಗೆ ಹಿಡಿತಾನೇ ಇಲ್ಲದ ಕಡೆ ಅದೂ ಏನು ಮಾಡೀತು.

ನಿಮ್ಮದು ಓವರ್‌ರನ್ ಬ್ರೇಕ್, ಬಚಾವ್. ಎಲೆಕ್ಟ್ರಿಕ್ ಬ್ರೇಕ್ ಇರೋ ಟ್ರೈಲರ್ ಇಟ್ಕೊಂಡಿರೋರು ಇನ್ನೊಂದು ವಿಷಯ ತಿಳ್ಕೋಬೇಕು. ಅವುಗಳ ಕಂಟ್ರೋಲರ್ ಸಾಮಾನ್ಯವಾಗಿ ಕಾರಿನ ಬ್ರೇಕ್ ಲೈಟ್ ಸಿಗ್ನಲ್ ಬಂದ ಮೇಲೇ ಕೆಲಸ ಶುರು ಮಾಡೋದು. ವಿಶ್ವಸಂಸ್ಥೆಯ ಬ್ರೇಕಿಂಗ್ ನಿಯಮದ ಪ್ರಕಾರ ರೀಜನ್‌ನಿಂದ ವೇಗ ಇಳಿಯೋದು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 0.7 ಮೀಟರ್‌ವರೆಗೆ ಇದ್ರೆ ಬ್ರೇಕ್ ಲೈಟ್ ಉರಿಯೋ ಹಾಗಿಲ್ಲ, 1.3 ದಾಟಿದ್ರೆ ಉರೀಲೇಬೇಕು, ಮಧ್ಯದಲ್ಲಿ ಕಂಪನಿ ಇಷ್ಟ. ಅಂದ್ರೆ ಕ್ರೂಸ್ ಮೆಲ್ಲಗೆ ರೀಜನ್ ಮಾಡ್ತಾ ಇರೋಷ್ಟು ಹೊತ್ತು ಟ್ರೈಲರ್ ಬ್ರೇಕ್‌ಗೆ ಸುದ್ದಿನೇ ಹೋಗಲ್ಲ, ಒಂದು ಹಂತ ದಾಟಿದ ಕೂಡಲೇ ತಟ್ಟಂತ ಹಿಡ್ಕೊಳತ್ತೆ. ಉದ್ದದ ಇಳಿಜಾರಲ್ಲಿ ಹಿಡಿಯೋದು ಬಿಡೋದು ಹಿಡಿಯೋದು ಬಿಡೋದು ಆಟ ಶುರುವಾದ್ರೆ ಅಲ್ಲಿ ಕ್ರೂಸ್ ತೆಗೆದುಬಿಡೋದೇ ವಾಸಿ.

ಇನ್ನು ನಿಜವಾಗಿ ತಲೆಕೆಡಿಸ್ಕೋಬೇಕಾದ್ದು, ದೂರದ ಲೆಕ್ಕ. ಗಂಟೆಗೆ 90 ಕಿಮೀ ಅಂದ್ರೆ ಸೆಕೆಂಡಿಗೆ 25 ಮೀಟರ್. ಮುಂದಿನ ಒಂಟಿ ಕಾರು ಜೀವ ಹೋಗೋ ಹಾಗೆ ಬ್ರೇಕ್ ಹಾಕಿದ್ರೆ, ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 8 ಮೀಟರ್‌ನಂತೆ ವೇಗ ಇಳಿಸಿದ್ರೆ, ಸುಮಾರು 39 ಮೀಟರ್‌ನಲ್ಲಿ ನಿಲ್ಲತ್ತೆ. ನಿಮ್ಮ ಕಾರು ಕ್ಯಾರವಾನ್ ಜೋಡಿಗೆ 6 ಸಿಕ್ತು ಅಂತ ಇಟ್ಕೊಳಿ, 52 ಮೀಟರ್ ಬೇಕು. ಬರೀ ಬ್ರೇಕಿಂಗ್‌ನಲ್ಲೇ 13 ಮೀಟರ್ ಸಾಲ. ಅದರ ಮೇಲೆ ನೀವು ನೋಡಿ ಬ್ರೇಕ್ ಒತ್ತೋಕೆ ಒಂದು ಸೆಕೆಂಡ್ ತಗೊಂಡ್ರೆ ಇನ್ನೂ 25 ಮೀಟರ್. ಒಟ್ಟು 38. ಕ್ರೂಸ್‌ನ ಮಧ್ಯದ ಗ್ಯಾಪ್ ಸೆಟ್ಟಿಂಗ್ ಒಂದೂವರೆ ಸೆಕೆಂಡ್ ಅಂತಿದ್ರೆ ಅದು ಕೊಡೋದು 37.5 ಮೀಟರ್. ಲೆಕ್ಕ ಅಲ್ಲೇ ಬಂಪರ್‌ಗೆ ಬಂಪರ್ ತಾಗಿಸಿಬಿಡ್ತು. ಖಾಲಿ ಕಾರಲ್ಲಿ ಇದೇ ಸೆಟ್ಟಿಂಗ್‌ನಲ್ಲಿ 12 ಮೀಟರ್ ಉಳೀತಿತ್ತು, ಅದಕ್ಕೇ ನಿಮಗೆ ಯಾವತ್ತೂ ತೊಂದರೆ ಆಗಿಲ್ಲ.

ಕ್ರೂಸ್ ತಾನೇ ಬ್ರೇಕ್ ಹಾಕತ್ತಲ್ಲ, ನನಗಿಂತ ಬೇಗ ನೋಡತ್ತಲ್ಲ ಅಂತೀರಿ. ನೋಡೋದೇನೋ ಬೇಗ ನೋಡತ್ತೆ, ಆದ್ರೆ ಅದು ಹಾಕೋ ಬ್ರೇಕ್‌ಗೆ ಮಿತಿ ಇದೆ. ಇದು ಕಂಫರ್ಟ್ ಫೀಚರ್, ಹೈವೇ ವೇಗದಲ್ಲಿ ಇದರ ಬ್ರೇಕಿಂಗ್ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 3.5 ಮೀಟರ್ ಆಸುಪಾಸಿಗೆ ನಿಲ್ಲಬೇಕು ಅಂತ ಇದರ ಅಂತರರಾಷ್ಟ್ರೀಯ ಮಾನದಂಡನೇ ಹೇಳತ್ತೆ, ಅದಕ್ಕಿಂತ ಜಾಸ್ತಿ ಬೇಕಾದಾಗ ಪೀಪೀ ಅಂತ ಕೂಗಿ ನಿಮ್ಮ ಕೈಗೆ ಕೊಡತ್ತೆ. ಅದರಾಚೆಗಿರೋದು ಎಮರ್ಜೆನ್ಸಿ ಬ್ರೇಕಿಂಗ್, ಅದು ಬೇರೆನೇ ಸಿಸ್ಟಮ್, ಅದನ್ನ ಕಾದು ಕೂರೋದಲ್ಲ. ನಿಮಗೆ ಆ ದಿನ ಜೋರಾಗಿ ಬಿದ್ದಿದ್ದು ಬಹುಶಃ ಇದೇ ಎಮರ್ಜೆನ್ಸಿ ಬ್ರೇಕ್. ಅದನ್ನ ಆಫ್ ಮಾಡಿ ಅಂತ ಮಾತ್ರ ನಾನು ಹೇಳಲ್ಲ, ಮ್ಯಾನ್ಯುಯಲ್‌ನಲ್ಲಿ ಟ್ರೈಲರ್ ಇದ್ದಾಗ ಆಫ್ ಮಾಡಿ ಅಂತ ಸ್ಪಷ್ಟವಾಗಿ ಬರೆದಿದ್ರೆ ಹೊರತು. ಬಾಲ ಅಲ್ಲಾಡೋದಕ್ಕಿಂತ ಮುಂದಿನ ಗಾಡಿಗೆ ಹೋಗಿ ಗುದ್ದೋದು ಕೆಟ್ಟದ್ದು.

ಹಾಗಾಗಿ ಗ್ಯಾಪ್ ಅತೀ ದೊಡ್ಡದು, ಮೂರು ಸೆಕೆಂಡ್‌ಗೆ ಹತ್ತಿರ ಇರೋದು. ನಿಮ್ಮ ಕಾರಿನ ದೊಡ್ಡ ಸೆಟ್ಟಿಂಗ್ ಎಷ್ಟು ಸೆಕೆಂಡ್ ಅಂತ ಗೊತ್ತಿಲ್ಲದಿದ್ರೆ ಮುಂದಿನ ಗಾಡಿ ಒಂದು ಕಂಬ ದಾಟಿದಾಗಿಂದ ನೀವು ದಾಟೋವರೆಗೆ ಎಣಿಸಿ, ಪಕ್ಕದಲ್ಲಿ ಕೂತವರು ಎಣಿಸಿದ್ರೆ ಇನ್ನೂ ಒಳ್ಳೇದು. ಎರಡೇ ಸೆಕೆಂಡ್ ಬರ್ತಿದ್ರೆ ಆ ಕಾರಲ್ಲಿ ಕ್ಯಾರವಾನ್ ಜೊತೆ ದಟ್ಟ ಟ್ರಾಫಿಕ್‌ನಲ್ಲಿ ಕ್ರೂಸ್ ಬೇಡ. ದೊಡ್ಡ ಗ್ಯಾಪ್‌ಗೂ ಒಂದು ಶಾಪ ಇದೆ, ಖಾಲಿ ಜಾಗ ಕಂಡ್ರೆ ಜನ ನುಗ್ತಾರೆ, ನುಗ್ಗಿದ ಕೂಡಲೇ ಕ್ರೂಸ್ ಹೊಸ ಗಾಡಿಗೆ ಲೆಕ್ಕ ಹಾಕಿ ಬ್ರೇಕ್ ತುಳಿಯತ್ತೆ. ಪಕ್ಕದ ಗಾಡಿ ಮೂತಿ ಈಕಡೆ ತಿರುಗ್ತಿದೆ ಅಂತ ನಿಮಗೆ ಅನ್ನಿಸಿದ್ರೆ ರೇಡಾರ್‌ಗೆ ಗೊತ್ತಾಗೋದಕ್ಕೆ ಮುಂಚೆ ನೀವೇ ಕ್ರೂಸ್ ತೆಗೆದು ಮೆಲ್ಲಗೆ ಜಾಗ ಬಿಡಿ.

ತೆಗೆಯೋದು ಹೇಗೆ ಅನ್ನೋದರಲ್ಲೇ ಇವಿಯ ಒಂದು ಮರ್ಮ ಇದೆ, ಇದನ್ನ ಮ್ಯಾನ್ಯುಯಲ್‌ನಲ್ಲಿ ಎದ್ದುಕಾಣೋ ಹಾಗೆ ಯಾರೂ ಬರೆಯಲ್ಲ. ಪೆಟ್ರೋಲ್ ಗಾಡೀಲಿ ಕ್ಯಾನ್ಸಲ್ ಒತ್ತಿದ್ರೆ ಗಾಡಿ ಸುಮ್ಮನೆ ತೇಲ್ತಾ ಹೋಗತ್ತೆ. ಒನ್ ಪೆಡಲ್ ಮೋಡ್‌ನಲ್ಲಿರೋ (ಆಕ್ಸಿಲರೇಟರ್ ಬಿಟ್ಟ ಕೂಡಲೇ ಜೋರಾಗಿ ರೀಜನ್ ಮಾಡೋ) ಇವಿಯಲ್ಲಿ ನಿಮ್ಮ ಕಾಲು ಕೆಳಗಿದೆ, ಆಕ್ಸಿಲರೇಟರ್ ಮೇಲಿಲ್ಲ, ಆಗ ಕ್ಯಾನ್ಸಲ್ ಒತ್ತಿದ್ರೆ ಕಾರು ಪೂರ್ತಿ ಕಾಲೆತ್ತಿದ್ದಾರೆ ಅಂತ ತಿಳ್ಕೊಂಡು ಪೂರ್ತಿ ರೀಜನ್‌ಗೆ ಹೋಗಿಬಿಡತ್ತೆ, ಕ್ಯಾರವಾನ್ ಧಡ್ ಅಂತ ಬಂದು ಬೆನ್ನಿಗೆ ಬೀಳತ್ತೆ. ಆದ್ರಿಂದ ಮೊದಲು ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಸ್ವಲ್ಪ ಒತ್ತಿ, ಆಮೇಲೆ ಕ್ಯಾನ್ಸಲ್, ಆಮೇಲೆ ನಿಧಾನವಾಗಿ ಕಾಲು ಬಿಡಿ. ಲೆವೆಲ್ ಬದಲಾಯಿಸೋಕೆ ಆಗೋ ಕಾರಾದ್ರೆ ಒದ್ದೆ ರಸ್ತೇಲಿ ರೀಜನ್ ಕಮ್ಮಿ ಲೆವೆಲ್‌ಗೆ ಇಟ್ಟಿರಿ. ಖಾಲಿ ಜಾಗದಲ್ಲಿ ಇದನ್ನ ಒಂದಿಷ್ಟು ಸಲ ಅಭ್ಯಾಸ ಮಾಡ್ಕೊಳಿ, ಹೆಂಡತಿಯವರೂ ಓಡಿಸೋದಾದ್ರೆ ಅವರೂ.

ಕ್ಯಾರವಾನ್ ಬಾಲ ಅಲ್ಲಾಡಿಸಿದ್ದಕ್ಕೆ ಬರೀ ಬ್ರೇಕೇ ಕಾರಣ ಅಂತ ನಾನು ಒಪ್ಪಲ್ಲ. ನೇರ ರಸ್ತೇಲಿ ಒಂದು ಜೋರು ಬ್ರೇಕ್‌ಗೆ ಅದು ಎರಡು ಮೂರು ಸಲ ತೂಗಿದೆ ಅಂದ್ರೆ ಲೋಡಿಂಗ್ ನೋಡಬೇಕು. ಹಿಚ್ ಮೇಲೆ ಬೀಳೋ ಭಾರ, ನೋಸ್ ವೇಟ್ ಅಂತೀವಲ್ಲ, ಅದು ಕಮ್ಮಿ ಇದ್ದು ಸಾಮಾನೆಲ್ಲ ಹಿಂದಕ್ಕೆ ತುಂಬಿದ್ರೆ ಯಾವ ಕಾರಿಗೂ ಕ್ಯಾರವಾನ್ ನೆಟ್ಟಗೆ ಹಿಂಬಾಲಿಸಲ್ಲ. ಹಾಗಂತ ಟೋ ಬಾರ್ ಮೇಲೆ ಬರೆದಿರೋ ಗರಿಷ್ಠ ಮಿತೀನೂ ದಾಟೋ ಹಾಗಿಲ್ಲ. ಭಾರದ ಸಾಮಾನು ಆಕ್ಸಲ್ ಹತ್ತಿರ ಕೆಳಗೆ ಇಟ್ಟು, ನೋಸ್ ವೇಟ್ ಅಳೆದು, ಆ ಮಿತಿಯ ಹತ್ತಿರಕ್ಕೆ ತನ್ನಿ, ಟೈರ್ ಪ್ರೆಶರ್ ನೋಡಿ. ತೂಗಾಟ ಶುರುವಾದಾಗ ಕ್ರೂಸ್ ಆನ್ ಇದ್ರೆ ಅದಕ್ಕೆ ಅದರ ಪರಿವೇ ಇಲ್ಲ. ಮುಂದೆ ಖಾಲಿ ಇದ್ರೆ ಅದೇ ಕ್ಷಣದಲ್ಲಿ ವೇಗ ಹೆಚ್ಚಿಸ್ತಾನೂ ಇರಬಹುದು, ತೂಗೋ ಟ್ರೈಲರ್‌ಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ದೊಡ್ಡ ಲಾರಿ ಪಕ್ಕದಲ್ಲಿ ಹಾದು ಹೋಗ್ತಿದ್ರೆ, ಅಡ್ಡಗಾಳಿ ಇದ್ರೆ, ಸೇತುವೆ ಮೇಲೆ, ಅಲ್ಲೆಲ್ಲ ಕಾಲು ಪೆಡಲ್ ಮೇಲಿರ್ಲಿ. ಸ್ಟೀರಿಂಗ್ ತಾನೇ ತಿರುಗಿಸೋ ಲೇನ್ ಅಸಿಸ್ಟ್ ಇದ್ರೆ, ಕಂಪನಿ ಟ್ರೈಲರ್ ಜೊತೆ ಓಕೆ ಅಂತ ಹೇಳದ ಹೊರತು ಆಫ್. ಅದು ಲೇನ್ ಮಧ್ಯಕ್ಕೆ ಬರೋಕೆ ಮಾಡೋ ಸಣ್ಣ ಸಣ್ಣ ತಿದ್ದುಪಡಿನೇ ತೂಗಾಟಕ್ಕೆ ಕುಮ್ಮಕ್ಕು ಕೊಡ್ಬಹುದು.

ನೋಸ್ ವೇಟ್ ಅಂದ್ಕೂಡ್ಲೇ ಇನ್ನೊಂದು ನೆನಪಾಯ್ತು. ಹಿಚ್ ಮೇಲೆ ಭಾರ ಬಿದ್ದಾಗ ಕಾರಿನ ಹಿಂಭಾಗ ಕೂತು ಮೂತಿ ಎದ್ದೇಳತ್ತೆ. 2.9 ಮೀಟರ್ ವೀಲ್‌ಬೇಸ್ ಇರೋ ಕಾರು ಹಿಂದೆ 3 ಸೆಂಟಿಮೀಟರ್ ಕೂತ್ರೆ ರೇಡಾರ್ ಸುಮಾರು 0.6 ಡಿಗ್ರಿ ಮೇಲಕ್ಕೆ ನೋಡತ್ತೆ, 100 ಮೀಟರ್ ದೂರದಲ್ಲಿ ಅದು ಒಂದು ಮೀಟರ್ ವ್ಯತ್ಯಾಸ. ಮೇಲೆ ಕೆಳಗೆ ರೇಡಾರ್‌ನ ನೋಟ ಮೊದಲೇ ಕಿರಿದು. ಸ್ವಲ್ಪ ಓರೆ ಆದ್ರೆ ಕ್ಯಾಲಿಬ್ರೇಷನ್ ತಾನೇ ಸರಿಮಾಡ್ಕೊಳತ್ತೆ, ತುಂಬಾ ಆದ್ರೆ ದೂರದ ಗಾಡಿ ತಡವಾಗಿ ಕಾಣತ್ತೆ ಅಥವಾ ಸೆನ್ಸರ್ ಎರರ್ ಬರತ್ತೆ. ಏರ್ ಸಸ್ಪೆನ್ಷನ್ ಇರೋರಿಗೆ ಈ ಚಿಂತೆ ಇಲ್ಲ.

ರೇಂಜ್ ವಿಷಯ ಬೇಗ ಮುಗಿಸ್ತೀನಿ. ಎತ್ತರದ ಕ್ಯಾರವಾನ್ ಕಟ್ಟಿದ್ರೆ ಇವಿಯ ರೇಂಜ್ ಅರ್ಧದ ಹತ್ತಿರಕ್ಕೆ ಬೀಳೋದು ಮಾಮೂಲು, ಅದಕ್ಕೆ ಗಾಳಿ ಕಾರಣ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, 80ರಿಂದ 100ಕ್ಕೆ ಹೋದ್ರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಉಳಿತಾಯ ಇರೋದು 80 ಅಂತ ಸೆಟ್ ಮಾಡೋದರಲ್ಲಿ, ಕ್ರೂಸ್ ಬಟನ್‌ನಲ್ಲಲ್ಲ. ಸಮತಟ್ಟು ಖಾಲಿ ರಸ್ತೇಲಿ ಕ್ರೂಸ್ ಒಂದೇ ವೇಗ ಹಿಡಿಯೋದ್ರಿಂದ ಸ್ವಲ್ಪ ಲಾಭ, ಏರಿಳಿತದ ರಸ್ತೇಲಿ ಏರಿನಲ್ಲಿ ಹಟ ಹಿಡಿದು ಎಳೆದು ಇಳಿಜಾರಲ್ಲಿ ರೀಜನ್ ಮಾಡಿ ವಾಪಸ್ ತುಂಬೋದ್ರಿಂದ ಸ್ವಲ್ಪ ನಷ್ಟ, ರೀಜನ್ ಅಂದ್ರೆ ಹೋದದ್ದೆಲ್ಲ ವಾಪಸ್ ಬರತ್ತೆ ಅಂತಲ್ಲ. ಲಾರಿ ಹಿಂದೆ ಅಂಟಿಕೊಂಡು ಹೋದ್ರೆ ರೇಂಜ್ ಉಳಿಯತ್ತೆ ಅನ್ನೋರ ಮಾತು ಕೇಳ್ಬೇಡಿ, ಮೇಲಿನ 38 ಮೀಟರ್ ಲೆಕ್ಕ ನೋಡಿದ್ರಲ್ಲ. ವೇಗದ ಬೋರ್ಡ್ ಓದಿ ತಾನೇ ಸ್ಪೀಡ್ ಸೆಟ್ ಮಾಡೋ ಫೀಚರ್ ಇದ್ರೆ ಅದನ್ನೂ ಆಫ್ ಮಾಡಿ, ಅದು ಓದೋದು ಕಾರಿನ ಮಿತಿ, ಟ್ರೈಲರ್‌ಗೆ ಇರೋ ಮಿತಿ ಬಹಳ ಕಡೆ ಬೇರೆ.

ಇಳಿಜಾರು. ನಿಮ್ಮ ಜೋಡಿ 3600 ಕೆಜಿ, ಜನ ಸಾಮಾನು ಸೇರಿ 3700 ಅಂತ ಇಟ್ಕೊಳಿ. 500 ಮೀಟರ್ ಎತ್ತರದಿಂದ ಇಳಿದ್ರೆ ಸುಮಾರು 5 ಯೂನಿಟ್ ಶಕ್ತಿ ಎಲ್ಲಾದ್ರೂ ಹೋಗಬೇಕು. ಒಂದಷ್ಟು ಗಾಳಿಗೆ, ಟೈರ್‌ಗೆ, ಉಳಿದದ್ದು ಬ್ಯಾಟರಿಗೆ ಇಲ್ಲಾ ಬ್ರೇಕ್ ಪ್ಯಾಡ್‌ಗೆ. ಶೇ. 6ರ ಇಳಿಜಾರಲ್ಲಿ 80ರ ವೇಗ ಹಿಡಿಯೋಕೆ ಗಾಳಿ ಟೈರ್ ಕಳೆದು ಹತ್ತಿರಹತ್ತಿರ 25ರಿಂದ 30 ಕಿಲೋವ್ಯಾಟ್ ರೀಜನ್ ಬೇಕಾಗತ್ತೆ, ಬೆಚ್ಚಗಿರೋ ಅರ್ಧ ತುಂಬಿದ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ, ಇಲ್ಲಿ ಇವಿ ನಿಜಕ್ಕೂ ಪೆಟ್ರೋಲ್ ಗಾಡಿಗಿಂತ ಮೇಲು. ಆದ್ರೆ ಬೆಟ್ಟದ ಮೇಲೆ ರಾತ್ರಿಯೆಲ್ಲಾ ಚಾರ್ಜ್ ಹಾಕಿ 100 ಮಾಡ್ಕೊಂಡು ಬೆಳಿಗ್ಗೆ ಚಳೀಲಿ ಇಳಿಯೋಕೆ ಹೊರಟ್ರೆ ಬ್ಯಾಟರಿ ಆ ಕರೆಂಟ್ ತಗೊಳ್ಳೋದೇ ಇಲ್ಲ. ಕಾಲು ಪೆಡಲ್ ಮೇಲಿದ್ರೆ ಹಿಡಿತ ಕಮ್ಮಿ ಅಂತ ತಕ್ಷಣ ಗೊತ್ತಾಗತ್ತೆ. ಕ್ರೂಸ್ ಆನ್ ಇದ್ರೆ ಗೊತ್ತಾಗಲ್ಲ, ಯಾಕಂದ್ರೆ ಅದು ಸದ್ದಿಲ್ಲದೆ ಪ್ಯಾಡ್ ಒತ್ತಿ ವೇಗ ಸರಿಯಾಗೇ ಇಟ್ಟಿರತ್ತೆ, ಪ್ಯಾಡ್ ಕಾಯ್ತಾ ಹೋಗತ್ತೆ, ಕ್ಯಾರವಾನ್ ಬ್ರೇಕ್ ಬೇರೆ ಉದ್ದಕ್ಕೂ ಉಜ್ಜಿಕೊಂಡು ಕಾಯತ್ತೆ. ಹಾಗಾಗಿ ಉದ್ದದ ಇಳಿಜಾರಿಗೆ ಮುಂಚೆ ಕ್ರೂಸ್ ತೆಗೆದು, ವೇಗ ಮೊದಲೇ ಇಳಿಸಿ, ರೀಜನ್ ಜಾಸ್ತಿ ಇಟ್ಟು ನೀವೇ ಇಳಿಸಿ, ಪವರ್ ಮೀಟರ್ ಹಸಿರು ಕಡೆಗೆ ಎಷ್ಟು ಹೋಗ್ತಿದೆ ಅಂತ ಕಣ್ಣಿಟ್ಟಿರಿ. ಮುಂದಿನ ದಾರಿ ಪೂರ್ತಿ ಇಳಿಜಾರೇ ಆಗಿದ್ರೆ 80 ಪರ್ಸೆಂಟ್‌ಗೇ ಚಾರ್ಜ್ ನಿಲ್ಲಿಸಿ ಹೊರಡಿ.

ಒಟ್ಟು ಏನು ಮಾಡ್ಲಿ ಅಂತೀರಾ. ಕೋಡಿಂಗ್ ಸರಿ ಇದ್ದು, ಮ್ಯಾನ್ಯುಯಲ್ ಬೇಡ ಅನ್ನದೇ ಇದ್ದು, ರಸ್ತೆ ಒಣಗಿದ್ದು ನೇರ ಇದ್ದು ಟ್ರಾಫಿಕ್ ತೆಳುವಾಗಿದ್ರೆ ದೊಡ್ಡ ಗ್ಯಾಪ್‌ನಲ್ಲಿ ಕ್ರೂಸ್ ಹಾಕಿ, ದೂರದ ದಾರೀಲಿ ದಣಿವು ಕಮ್ಮಿ ಆಗೋದೂ ಸುರಕ್ಷತೆನೇ. ಇದರ ರಿಸ್ಕ್ ತಿರುವುಗಳಲ್ಲಿ, ಮುಂದಿನ ಗಾಡಿ ರೇಡಾರ್ ನೋಟದಿಂದ ತಪ್ಪಿದ ಕೂಡಲೇ ರಸ್ತೆ ಖಾಲಿ ಅಂದ್ಕೊಂಡು ವೇಗ ತಗೊಳತ್ತೆ, ಎಕ್ಸಿಟ್ ರ‍್ಯಾಂಪ್‌ನಲ್ಲೂ ಅಷ್ಟೇ. ಇನ್ನೊಂದು ರಿಸ್ಕ್ ರಸ್ತೇಲಿ ನಿಂತಿರೋ ಗಾಡಿ, ಹೈವೇ ವೇಗದಲ್ಲಿ ಹೋಗ್ತಿರುವಾಗ ಮೊದಲಿಂದಲೂ ನಿಂತೇ ಇರೋದನ್ನ ತುಂಬಾ ಸಿಸ್ಟಮ್‌ಗಳು ಲೆಕ್ಕಕ್ಕೇ ತಗೊಳಲ್ಲ, ಮ್ಯಾನ್ಯುಯಲ್‌ಗಳಲ್ಲೂ ಬರೆದಿರ್ತಾರೆ. ನಿಂತು ನಿಂತು ಸಾಗೋ ಜಾಮ್‌ನಲ್ಲಿ ನಾನಾದ್ರೆ ಕ್ರೂಸ್ ಹಾಕಲ್ಲ, ಟಕ್ ಟಕ್ ಅನ್ನೋದು ಅಲ್ಲೇ ಜಾಸ್ತಿ. ಮಳೆ, ತಿರುವು, ಇಳಿಜಾರು, ಗಾಳಿ ಇದ್ದಾಗ ಬರೀ ಸ್ಪೀಡ್ ಲಿಮಿಟರ್ ಬಳಸಿ. ಇದನ್ನ ಯಾಕೋ ಯಾರೂ ಕ್ಯಾರೇ ಅನ್ನಲ್ಲ, ನನಗಂತೂ ಟ್ರೈಲರ್ ಜೊತೆ ಎಲ್ಲಕ್ಕಿಂತ ಹಿಡಿಸೋ ಫೀಚರ್ ಇದೇ, 80 ಅಂತ ಇಟ್ರೆ ಮೇಲೆ ಹೋಗೋಕೆ ಬಿಡಲ್ಲ, ಆದ್ರೆ ಎಳೆಯೋದು ಬಿಡೋದು ನಿಮ್ಮ ಕಾಲಲ್ಲೇ ಇರತ್ತೆ, ಕ್ಯಾನ್ಸಲ್ ಮಾಡೋ ಗೊಂದಲನೂ ಇಲ್ಲ. ಇಳಿಜಾರಲ್ಲಿ ಮಾತ್ರ ಕೆಲವು ಕಾರುಗಳಲ್ಲಿ ಲಿಮಿಟರ್ ಬ್ರೇಕ್ ಹಾಕಲ್ಲ, ವೇಗ ದಾಟಿ ಹೋಗತ್ತೆ, ಅದೊಂದು ಗೊತ್ತಿರ್ಲಿ.

ಸೈಕಲ್ ರ್ಯಾಕ್ ಕೇಳಿದ್ರಲ್ಲ. ರ್ಯಾಕ್‌ನ ಲೈಟ್ ಬೋರ್ಡ್ ಕೂಡ ಅದೇ ಸಾಕೆಟ್‌ಗೆ ಸಿಕ್ಕಿಸೋದು, ಕಾರು ಅದನ್ನೇ ಟ್ರೈಲರ್ ಅಂದ್ಕೊಂಡು ಹಿಂದಿನ ಸೆನ್ಸರ್, ಬ್ಲೈಂಡ್ ಸ್ಪಾಟ್ ಎಲ್ಲಾ ಆಫ್ ಮಾಡತ್ತೆ, ಕೆಲವು ಕಾರುಗಳಲ್ಲಿ ಮೆನುಗೆ ಹೋಗಿ ಇದು ರ್ಯಾಕ್ ಅಂತ ಹೇಳೋಕೆ ಆಗತ್ತೆ. ಅಂದಹಾಗೆ ರ್ಯಾಕ್ ಹಾಕಿದಾಗ ಫೀಚರ್ ಆಫ್ ಆಗ್ತಿದೆ ಅಂದ್ರೆ ನಿಮ್ಮ ಸಾಕೆಟ್ ಕಾರಿನ ನೆಟ್‌ವರ್ಕ್ ಜೊತೆ ಮಾತಾಡ್ತಿರೋದು ಬಹುಮಟ್ಟಿಗೆ ಖಾತ್ರಿ, ಒಳ್ಳೆ ಸುದ್ದಿ. ಕ್ಯಾರವಾನ್ ಪ್ಲಗ್ ಹಾಕಿದಾಗಲೂ ಅವೇ ಫೀಚರ್ ಆಫ್ ಆಗ್ತವಾ ಅಂತ ಹೋಲಿಸಿ ನೋಡಿ. ಆಗ್ತಿಲ್ಲ ಅಂದ್ರೆ ಕ್ಯಾರವಾನ್‌ನ ಎಲ್ಇಡಿ ಲೈಟ್ ಅಥವಾ ಅದರ ಪ್ಲಗ್‌ನ ಪಿನ್ ಮೇಲೆ ಅನುಮಾನ ಇಡಿ, ಕಾರಿನ ಮೇಲಲ್ಲ.